ಎಲ್ಲಿ ಕರೆದರೂ ಬರುವ ಕಂಪೈಲರ್

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಕಣ್ಣು ಕಾಣದವರಿಗೆ ಸಂಗೀತ ಕಲಿಸುತ್ತಿದ್ದರು.

ಆಶ್ರಮದ ಗುರು ನಾಗಭೂಷಣ ಶರಣರು. ಕಾವಿ ಉಡುವ ಮೊದಲು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವರು. ಅವರಿಗೆ ಮಾತು ಕಡಿಮೆ, ತಾಳ್ಮೆ ಇನ್ನೂ ಕಡಿಮೆ ಎಂದು ಶಿಷ್ಯರು ಹೇಳುತ್ತಿದ್ದರು.

ಶಿಷ್ಯ ಫಕೀರಪ್ಪನಿಗೆ ನಲವತ್ತೆರಡು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಗುರುಗಳ ಹತ್ತಿರ ಪ್ರೋಗ್ರಾಂ ಬರೆಯಲು ಕಲಿತು, ಕನ್ನಡ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿ ಮಾಡುವ ಪ್ರೋಗ್ರಾಂ ಒಂದನ್ನು ಬರೆದಿದ್ದ. ಒತ್ತಕ್ಷರಗಳು ಸರಿಯಾಗಿ ಬರುವ ಹೊತ್ತಿಗೆ ಹತ್ತೊಂಬತ್ತು ದಿನ ಹಿಡಿದಿತ್ತು.

ಅದನ್ನು ಬರೆದದ್ದು ಗೌರವ್ವನಿಗಾಗಿ. ಅವಳು ಹುಟ್ಟು ಕುರುಡಿ, ಆಶ್ರಮದ ಒಳ್ಳೆಯ ಹಾಡುಗಾರ್ತಿ. ಸಂಗೀತದ ಪರೀಕ್ಷೆಗೆ ಕಟ್ಟಿದ್ದಳು. ಶಾಸ್ತ್ರದ ಪುಸ್ತಕ ಬ್ರೈಲ್‌ನಲ್ಲಿ ಎಲ್ಲೂ ಸಿಗಲಿಲ್ಲ. ಹದಿನಾಲ್ಕು ಅಧ್ಯಾಯಗಳಲ್ಲಿ ಹತ್ತನ್ನು ಫಕೀರಪ್ಪ ಅಚ್ಚು ಹಾಕಿ ಕೊಟ್ಟಿದ್ದ.

ಪರೀಕ್ಷೆಗೆ ಆರು ದಿನ ಇರುವಾಗ ಅವನು ಗುರುಗಳ ಮುಂದೆ ಬಂದು ನಿಂತ. ಮುಖ ಕೆಂಪಾಗಿತ್ತು.

"ಎಲ್ಲಾ ಹೋಯಿತು, ಅಪ್ಪಾವರೇ."

"ಏನು ಹೋಯಿತು?"

"ನನ್ನ ಪ್ರೋಗ್ರಾಂ. ಹೊಸ ಕಂಪೈಲರ್ ಹಾಕಿದೆ. ಹಳೆಯದರ ಫೋಲ್ಡರ್ ಇನ್ನೇಕೆ ಎಂದು ಅಳಿಸಿದೆ. ನನ್ನದೂ ಅದರಲ್ಲೇ ಇತ್ತು."

ಕಂಪೈಲರ್ ಎಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ. ಅದಿಲ್ಲದೆ ಫಕೀರಪ್ಪ ಬರೆದದ್ದು ಓಡದು.

"ಅದು ಕಂಪೈಲರಿನ ಮನೆ, ನಿನ್ನ ಸಾಮಾನು ಅಲ್ಲಿ ಇಡಬೇಡ ಅಂತ ಮೊದಲ ದಿನವೇ ಹೇಳಿದ್ದೆ."

"ಹೇಳಿದ್ದಿರಿ. ಆದರೆ ಬೇರೆ ಫೋಲ್ಡರಿನಿಂದ ಕರೆದರೆ ಕಂಪೈಲರ್ ಬರುವುದೇ ಇಲ್ಲ. ಇಂಥ ಹೆಸರು ಗೊತ್ತಿಲ್ಲ ಅನ್ನುತ್ತದೆ ಯಂತ್ರ. ಅದರ ಹೊಟ್ಟೆಯಲ್ಲೇ ಇರುವುದು ಅದಕ್ಕೇ ಗೊತ್ತಿಲ್ಲ ಅಂದರೆ ನಾನೇನು ಮಾಡಲಿ?"

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು.

"ಆಚೆ ದಂಡೆಯ ಊರಿನಲ್ಲಿ ಯಲ್ಲವ್ವ ಅಂತ ಇದ್ದಾಳೆ. ಹೋಗಿ ಅವಳಿಂದ ಒಂದು ಬುಟ್ಟಿ ತೆಗೆದುಕೊಂಡು ಬಾ."

"ಈಗಲಾ?"

"ಈಗಲೇ."

ಫಕೀರಪ್ಪ ಹೊಳೆ ದಾಟಿದ. ಮಧ್ಯಾಹ್ನ ಕಳೆದ ಮೇಲೆ ಬರಿಗೈಯಲ್ಲಿ ಬಂದ. ಧೋತರ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಆ ಊರಿನಲ್ಲಿ ಹನ್ನೊಂದು ಜನ ಯಲ್ಲವ್ವ ಇದ್ದಾರೆ. ಯಾವ ಓಣಿ, ಯಾವ ಮನೆ, ಏನೂ ಹೇಳಲಿಲ್ಲ ನೀವು."

"ಊರಿನ ಹೊಟ್ಟೆಯಲ್ಲೇ ಇದ್ದಾಳಲ್ಲ."

ಫಕೀರಪ್ಪನ ತುಟಿ ಬಿಗಿಯಿತು. "ಇರುವುದು ಆರು ದಿನ. ಅದರಲ್ಲಿ ಅರ್ಧ ದಿನ ಹೋಯಿತು."

"ಹತ್ತೊಂಬತ್ತು ದಿನ ಕಳೆದವನು ಅರ್ಧ ದಿನಕ್ಕೆ ನನ್ನನ್ನು ಬೈಯುತ್ತೀಯಾ? ಬಾ ಇಲ್ಲಿ."

ಯಂತ್ರದ ಮುಂದೆ ಕೂರಿಸಿಕೊಂಡು ಅವರು ಒಂದು ಪಟ್ಟಿ ತೋರಿಸಿದರು. ಅದರ ಹೆಸರು ಪಾತ್, ದಾರಿ ಎಂದರ್ಥ. ಯಾರನ್ನಾದರೂ ಹೆಸರು ಹಿಡಿದು ಕರೆದಾಗ ಎಲ್ಲೆಲ್ಲಿ ಹುಡುಕಬೇಕು ಎಂದು ಯಂತ್ರ ಆ ಪಟ್ಟಿಯಲ್ಲಿ ನೋಡಿಕೊಳ್ಳುತ್ತದೆ.

"ಕಂಪೈಲರ್ ಇರುವ ಫೋಲ್ಡರಿನ ವಿಳಾಸವನ್ನು ಇದರ ಕೊನೆಯಲ್ಲಿ ಬರೆ. ಆಮೇಲೆ ಎಲ್ಲಿಂದ ಕರೆದರೂ ಬರುತ್ತದೆ."

ಅಷ್ಟು ಹೇಳಿ ಅವರು ಸಂಜೆಯ ಪ್ರಾರ್ಥನೆಗೆ ಹೋದರು.

ಫಕೀರಪ್ಪ ಪಟ್ಟಿಯನ್ನು ನೋಡಿದ. ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಹೆಸರುಗಳು. ಒಂದೂ ತಿಳಿಯಲಿಲ್ಲ. ಯಾವ ಕಾಲದ ಕಸವೋ ಎಂದುಕೊಂಡ. ಎಲ್ಲವನ್ನೂ ಅಳಿಸಿ ತನ್ನದೊಂದನ್ನೇ ಬರೆದ. ಯಂತ್ರ ಆರಿಸಿ ಹೋಗಿ ಮಲಗಿದ.

ಬೆಳಿಗ್ಗೆ ಬೇರೆ ಬೇರೆ ಫೋಲ್ಡರಿನಿಂದ ಕರೆದು ನೋಡಿದ. ಕಂಪೈಲರ್ ಎಲ್ಲ ಕಡೆಗೂ ಬಂತು. ಅವನ ಮುಖ ಅರಳಿತು.

ಹತ್ತು ನಿಮಿಷ ಕಳೆದಿರಲಿಲ್ಲ, ಪಕ್ಕದ ಕೋಣೆಯಿಂದ ಗೌರವ್ವ ಗೋಡೆ ಹಿಡಿದುಕೊಂಡು ಬಂದಳು.

"ಅಣ್ಣಾ, ಹತ್ತನೆಯ ಅಧ್ಯಾಯದ ಒಂದು ಹಾಳೆ ಹರಿದಿದೆ, ಇನ್ನೊಂದು ಪ್ರತಿ ತೆಗೆದುಕೊಡು."

ಆ ಅಧ್ಯಾಯವನ್ನು ಚುಕ್ಕಿಗಳಾಗಿ ಮಾಡಿಟ್ಟ ಫೈಲ್ ಬೇರೆ ಕಡೆ ಉಳಿದಿತ್ತು. ಬ್ರೈಲ್ ಪ್ರಿಂಟರನ್ನು ಕರೆದ. ಗೊತ್ತಿಲ್ಲ ಎಂದಿತು ಯಂತ್ರ. ಮತ್ತೆ ಕರೆದ. ಗೊತ್ತಿಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಇನ್ನೂ ನಾಲ್ಕು ಪ್ರೋಗ್ರಾಂಗಳನ್ನು ಕರೆದ. ಒಂದೂ ಗೊತ್ತಿಲ್ಲ.

ಗುರುಗಳು ಬಂದರು. ನೋಡಿದರು. ಸ್ಟೂಲ್ ಎಳೆದುಕೊಂಡು ಕೂತರು.

"ಮೊದಲು ಬರೆದಿದ್ದದ್ದನ್ನು ಏನು ಮಾಡಿದೆ?"

"ಅಳಿಸಿದೆ. ನನಗೆ ಅರ್ಥವಾಗಲಿಲ್ಲ."

"ನಿನಗೆ ಅರ್ಥವಾಗದ್ದೆಲ್ಲ ಕಸವೇನು?"

"ಕೊನೆಯಲ್ಲಿ ಬರೆ ಅಂದಿರಿ. ಉಳಿದದ್ದು ಇರಬೇಕು ಅಂತ ಹೇಳಲಿಲ್ಲ."

ಗುರುಗಳು ಕಣ್ಣು ಮುಚ್ಚಿಕೊಂಡರು. ಉಸಿರು ಹೊರಗೆ ಬಿಡಲು ಬಹಳ ಹೊತ್ತು ತೆಗೆದುಕೊಂಡರು.

"ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತುಕೋ ಅಂದರೆ, ಮುಂದಿನವರನ್ನೆಲ್ಲ ಇಳಿಸಿ ಕೂರುತ್ತೀಯಾ?"

ಪಟ್ಟಿಯ ನಕಲು ಯಾರ ಬಳಿಯೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗೌರವ್ವ ಕೇಳಿದಳು, "ಅಪ್ಪಾವರೇ, ನೀವು ಆ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಸರಿಮಾಡಿದ್ದಿರಲ್ಲ, ಪ್ರಿಂಟರ್ ತಂದ ದಿನ. ಅದೇ ಏನು?"

"ಅದೇ. ನಿನಗೆ ನೆನಪಿದೆಯಾ?"

"ಸ್ವಲ್ಪ ಇದೆ."

ಅವಳು ಗೋಡೆಗೆ ಒರಗಿ ನಿಧಾನವಾಗಿ ಹೇಳತೊಡಗಿದಳು. ಫಕೀರಪ್ಪ ಟೈಪ್ ಮಾಡಿದ. ಪಾಠ ಒಪ್ಪಿಸುವಂತೆ ಒಂದೊಂದೇ ಹೆಸರು ಬಂತು. ಏಳು ಹೇಳಿ ನಿಲ್ಲಿಸಿದಳು.

"ಮುಂದಿನದು ನೆನಪಿಲ್ಲ ಅಣ್ಣಾ. ಅಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು."

ಉಳಿದ ಐದನ್ನು ಗುರುಗಳು ಮತ್ತು ಫಕೀರಪ್ಪ ಯಂತ್ರದ ಮೂಲೆ ಮೂಲೆ ಹುಡುಕಿ ಪತ್ತೆ ಮಾಡಿದರು. ಸಂಜೆಯಾಯಿತು. ಎಲ್ಲವೂ ಮುಗಿದ ಮೇಲೆ, ಕೊನೆಯಲ್ಲಿ, ಫಕೀರಪ್ಪ ಕಂಪೈಲರಿನ ವಿಳಾಸ ಬರೆದ.

ಹೆಸರು ಟೈಪ್ ಮಾಡಿ ಕರೆಯುವ ಕಪ್ಪು ಕಿಟಕಿ ಬೆಳಿಗ್ಗೆಯಿಂದ ಪರದೆಯ ಮೇಲೆ ತೆರೆದೇ ಇತ್ತು. ಅದರಲ್ಲಿ ಪ್ರಿಂಟರನ್ನು ಕರೆದ.

ಗೊತ್ತಿಲ್ಲ.

ಅವನು ಕೀಬೋರ್ಡನ್ನು ದೂರ ತಳ್ಳಿದ. "ಹೇಳಿದ್ದಾಯಿತು. ಬರೆದದ್ದಾಯಿತು. ಇನ್ನೂ ಗೊತ್ತಿಲ್ಲವಂತೆ. ನನಗೆ ಸಾಕಾಗಿದೆ ಅಪ್ಪಾವರೇ. ಗಡಿಯಾರವೇ ವಾಸಿ."

"ಆ ಕಿಟಕಿ ತೆರೆದದ್ದು ಯಾವಾಗ?"

"ಬೆಳಿಗ್ಗೆ."

"ಪಟ್ಟಿ ಸರಿಯಾದದ್ದು?"

"ಈಗ."

"ಮತ್ತೆ ಅದಕ್ಕೆ ಹೇಗೆ ಗೊತ್ತಿರಬೇಕು? ತೆರೆಯುವಾಗ ಓದಿದ ಪಟ್ಟಿಯೇ ಅದಕ್ಕೆ ಮುಚ್ಚುವವರೆಗೂ. ಮುಚ್ಚು. ಹೊಸದಾಗಿ ತೆರೆ."

ಮುಚ್ಚಿದ. ತೆರೆದ. ಪ್ರಿಂಟರ್ ಗರಗರ ಎಂದು ಎದ್ದಿತು. ಹರಿದ ಹಾಳೆಯ ಹೊಸ ಪ್ರತಿ ಗೌರವ್ವನ ಕೈಗೆ ಬಂತು.

ಮರುದಿನ ಫಕೀರಪ್ಪ ತನಗೆಂದೇ ಬೇರೆ ಫೋಲ್ಡರ್ ಮಾಡಿಕೊಂಡು ಕೂತ. ಹತ್ತೊಂಬತ್ತು ದಿನ ಹಿಡಿದದ್ದನ್ನು ಈ ಸಲ ಮೂರು ದಿನದಲ್ಲಿ ಬರೆದ. ಊಟಕ್ಕೆ ಕರೆದವರ ಮೇಲೆ ರೇಗಿದ. ಒತ್ತಕ್ಷರಗಳ ಮೇಲೆ ರೇಗಿದ. ಕೊನೆಯ ದಿನ ಮೂರು ಅಧ್ಯಾಯ ಅಚ್ಚಾದವು. ಹದಿನಾಲ್ಕನೆಯದಕ್ಕೆ ಸಮಯ ಸಾಲಲಿಲ್ಲ. ಗೌರವ್ವ ಆಗಷ್ಟೇ ಅಚ್ಚಾದ ಹಾಳೆಗಳನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಮೂರು ದಿನದ ನಂತರ ಅವಳು ಬಂದಳು. ಪರೀಕ್ಷೆ ಚೆನ್ನಾಗಿಯೇ ಆಗಿತ್ತು. ಕೊನೆಯ ಅಧ್ಯಾಯದಿಂದ ಒಂದು ಪ್ರಶ್ನೆ ಬಂದಿತ್ತು. ಅದನ್ನು ಬಿಟ್ಟು ಬಂದಿದ್ದಳು.

ಫಕೀರಪ್ಪ ಅವಳ ಎದುರಿಗೆ ಕೂತ. "ಅದು ನನ್ನ ತಪ್ಪು ತಂಗಿ."

"ಹೌದಣ್ಣಾ," ಅಂದಳು ಗೌರವ್ವ. "ನನಗೂ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ಬರುವಾಗ ಇಳಿಯಿತು."

ಆಮೇಲೆ ಅವನು ನೆಮ್ಮದಿಯಿಂದ ನಿದ್ದೆ ಮಾಡಿದ. ಒಂದು ವಾರ ಯಂತ್ರದ ಕಡೆ ತಲೆ ಹಾಕಲಿಲ್ಲ.

ಎಂಟನೆಯ ದಿನ ಹೊಳೆಯ ಮೆಟ್ಟಿಲ ಮೇಲೆ ಅವನು ಬಟ್ಟೆ ಒಗೆಯುತ್ತಿದ್ದಾಗ ಗುರುಗಳು ಮೇಲಿನಿಂದ ಕೇಳಿದರು.

"ಕೊನೆಯ ಅಧ್ಯಾಯ ಅಚ್ಚಾಯಿತೇ?"

ಫಕೀರಪ್ಪ ತಲೆ ಎತ್ತಿದ. "ಪರೀಕ್ಷೆ ಮುಗಿಯಿತಲ್ಲ, ಅಪ್ಪಾವರೇ. ಇನ್ನು ಯಾಕೆ?"

ಗುರುಗಳು ಎರಡು ಮೆಟ್ಟಿಲು ಇಳಿದು ಬಂದರು.

"ಅವಳು ಓದುತ್ತಿದ್ದದ್ದು ಪರೀಕ್ಷೆಗೆ ಮಾತ್ರ ಅಂತ ನಿನಗೆ ಯಾರು ಹೇಳಿದರು?"