ಗೂಳಪ್ಪ ಮರಳುಗಾಡು ಗುಡಿಸಿದ್ದು

ಹೊನ್ನವ್ವ ಅಂತ ಒಬ್ಬ ತಾಯಿ. ಗೂಳಪ್ಪ ಅಂತ ಅವಳಿಗೊಬ್ಬನೇ ಮಗ. ತಾಯಿಗೆ ಮೊಣಕಾಲು ನಡೆಯುತ್ತಿರಲಿಲ್ಲ, ಮಗನಿಗೆ ತಲೆ ನಡೆಯುತ್ತಿರಲಿಲ್ಲ. ಒಣ ಬಿಸಿಲಿರೋ ಕಡೆ ಒಂದು ಚಳಿಗಾಲ ಪೂರ್ತಿ ಕಳೆದರೆ ಮತ್ತೆ ಎದ್ದು ಓಡಾಡುತ್ತೀ ಅಂದರು ಡಾಕ್ಟರು. ಲಾಡ್ಜಿಗೆ ಕೊಡುವಷ್ಟು ಅನುಕೂಲ ಎಲ್ಲಿಂದ ಬರಬೇಕು? ತೀರಿಕೊಂಡ ಗಂಡನ ಹಳೇ ಟೆಂಪೋ ಇತ್ತು. ಅದರೊಳಗೆ ಒಂದು ಮಂಚ, ಒಂದು ಒಲೆ, ಒಂದು ಪರದೆ ಹಾಕಿಸಿದಳು. ಮನೆಯಾಯಿತು.

ಗದಗಿನಿಂದ ಹೊರಟರು, ಬಡಗಣ ಮರಳುಗಾಡಿಗೆ. ಸ್ಟೇರಿಂಗು ಮಗನ ಕೈಯಲ್ಲಿ, ತಿರುವು ತಾಯಿಯ ಬಾಯಲ್ಲಿ. ದಾರಿಯಲ್ಲಿ ಅವಳು ಒಮ್ಮೆ ತೂಕಡಿಸಿದ್ದಕ್ಕೆ ಅವನು ಒಂದು ಸರ್ಕಲ್ಲನ್ನು ಡೀಸೆಲ್ ಮುಗಿಯುವ ತನಕ ಸುತ್ತಿದ.

ಮರಳುಗಾಡು ಸರಕಾರದ್ದು. ಚಳಿಗಾಲಕ್ಕೆ ಯಾರು ಬೇಕಾದರೂ ಬಂದು ಗಾಡಿ ನಿಲ್ಲಿಸಿ ಇರಬಹುದು, ಬಾಡಿಗೆ ಕೇಳುವವರಿಲ್ಲ. ಕಸ ಬಿದ್ದರೆ ಮಾತ್ರ ಅಷ್ಟೂ ಜನರನ್ನು ಎಬ್ಬಿಸುತ್ತಾರೆ. ದೊಡ್ಡ ದಿಬ್ಬದ ಮರೆಯಲ್ಲಿ ಆಗಲೇ ಕೆಲವು ಗಾಡಿಗಳಿದ್ದವು. ಇವರೂ ನಿಂತರು.

ಮೊದಲನೇ ದಿನ ಗೂಳಪ್ಪ ನೀರಿಗೆ ಹೋದ. ತೆರೆದ ಬಕೆಟ್ಟಿನಲ್ಲಿ ತಂದ. ಅರ್ಧ ನೀರು, ಅರ್ಧ ಮರಳು. ಹೊನ್ನವ್ವ ಹಣೆ ಬಡಕೊಂಡಳು. ಈ ಊರಾಗ ಬೆಲೆಯುಳ್ಳದ್ದು ಏನೇ ತಂದರೂ ಬಾಯಿ ಕಟ್ಟಬೇಕು, ಒದ್ದೆ ಗೋಣಿ ಸುತ್ತಬೇಕು, ಗಾಡಿ ಕೆಳಗ ನೆರಳಿಗೆ ಇಡಬೇಕು ಅಂದಳು. ಆಗಲಿ ಅವ್ವಾ ಅಂದ.

ಮರುದಿನ ಪಕ್ಕದ ವ್ಯಾನಿನ ದೇಶಪಾಂಡೆ ಮಾಸ್ತರು ತಮ್ಮಲ್ಲಿ ಹೆಚ್ಚಿಗೆ ಇದ್ದ ಸೋಲಾರ್ ಪ್ಲೇಟು ಕೊಟ್ಟು ಕಳಿಸಿದರು. ಗೂಳಪ್ಪ ತಂದ. ಒದ್ದೆ ಗೋಣಿ ಸುತ್ತಿದ. ಗಾಡಿ ಕೆಳಗೆ ನೆರಳಿಗೆ ಇಟ್ಟ. ಸಂಜೆ ದೀಪ ಹತ್ತಲಿಲ್ಲ.

“ಪ್ಲೇಟು ಎಲ್ಲಿಟ್ಟೀಯೋ?”

“ತಂಪಗ ಐತವ್ವಾ. ಮುಟ್ಟಿ ನೋಡು.”

ಮುಟ್ಟಿ ನೋಡಿದಳು, ಮತ್ತೆ ಹಣೆ ಬಡಕೊಂಡಳು. ಬೆಲೆಯುಳ್ಳದ್ದು ಬಂದರೆ ಗಾಡಿ ಮೇಲೆ ಹತ್ತಿಸಬೇಕು, ಮುಖ ಸೂರ್ಯನ ಕಡೆ ಮಾಡಬೇಕು, ಸೂರ್ಯ ಸರಿದಂಗ ತಿರುಗಿಸಬೇಕು, ಆಗಾಗ ಧೂಳು ಒರೆಸಬೇಕು ಅಂದಳು. ಆಗಲಿ ಅವ್ವಾ ಅಂದ.

ದಿನ ಕಳೆದವು. ಹೊನ್ನವ್ವನ ಮೊಣಕಾಲು ಬಿಸಿಲುಂಡು ಸಡಿಲವಾಗತೊಡಗಿತು. ಒಂದು ಬೆಳಿಗ್ಗೆ ಗಾಡಿ ಹಿಡಿದು ಎದ್ದವಳು, ಮಾಸ್ತರ ವ್ಯಾನಿನ ತನಕ ತಾನೇ ನಡೆದು ಹೋಗಿ, ಆ ಖುಷಿಗೆ ಅಲ್ಲೇ ಚಹಾ ಕುಡಿಯುತ್ತ ಕೂತಳು. ಇತ್ತ ಮರಳುಗಾಡು ಕಾಯುವ ಸರಕಾರಿ ಕಾವಲುಗಾರ ಹುಕುಮಸಿಂಗ ಬಂದ. ಈ ಜಾಗದಾಗ ಆ ಮನುಷ್ಯಾನಷ್ಟು ಬೆಲೆ ಯಾರಿಗೂ ಇಲ್ಲ ಅಂತ ಹೊನ್ನವ್ವ ದಿನಾ ಹೇಳುತ್ತಿದ್ದಳು. ಗೂಳಪ್ಪ ತಡಮಾಡಲಿಲ್ಲ. ಎತ್ತಿ ಟೆಂಪೋ ಮೇಲೆ ಕೂರಿಸಿದ. ಮುಖ ಸೂರ್ಯನ ಕಡೆ ಮಾಡಿದ. ಸೂರ್ಯ ಸರಿದಂತೆ ತಿರುಗಿಸಿದ. ಆಗಾಗ ಮೀಸೆ ಒರೆಸಿದ.

ಹೊನ್ನವ್ವ ಬಂದು ನೋಡಿದಾಗ ಕಾವಲುಗಾರ ಕೆಂಪಗೆ ಕಾದಿದ್ದ. ಇಳಿದವನು ಬೈಯಲೆಂದು ಬಾಯಿ ತೆಗೆದ, ವರ್ಷಗಟ್ಟಲೆ ಹಿಡಿದುಕೊಂಡಿದ್ದ ಸೊಂಟ ನೆಟ್ಟಗಾಗಿದ್ದು ಗೊತ್ತಾಯಿತು, ಬೈಗುಳ ಅರ್ಧಕ್ಕೇ ನಿಂತಿತು. ಆದರೆ ತಂದ ಸುದ್ದಿ ಕೆಟ್ಟದಿತ್ತು. ನಾಳೆ ದೊಡ್ಡ ಸಾಹೇಬರು ನೋಡಲು ಬರುತ್ತಾರೆ, ಒಂದು ಚೂರು ಕಸ ಕಂಡರೂ ಎಲ್ಲರೂ ಜಾಗ ಖಾಲಿ ಮಾಡಬೇಕು ಅಂದ.

ಈಗ ಎಬ್ಬಿಸಿದರೆ ಹೊನ್ನವ್ವನ ಕಾಲು ಮತ್ತೆ ಹಾಸಿಗೆಗೇ. ಮಗನನ್ನು ಎದುರಿಗೆ ಕೂರಿಸಿಕೊಂಡಳು.

“ಕೇಳಿಲ್ಲೆ. ಮಂದಿನ್ನ ಗಾಡಿ ಮ್ಯಾಲೆ ಹತ್ತಸಬ್ಯಾಡ. ನಾಳೆ ಬೆಳಗಾದ ಕೂಡಲೇ ಕಸಬರಿಗೆ ತಗೋ. ನಾವು ಬಂದದ್ದರ ಗುರುತು ಒಂದೂ ಉಳೀಬಾರದು.”

“ಆಗಲಿ ಅವ್ವಾ.”

ಬೆಳಗಾಯಿತು. ಉಳಿದವರು ಕಸ ಆರಿಸಿದರು, ಗೂಳಪ್ಪ ಗುರುತು ಗುಡಿಸಿದ. ಹೆಜ್ಜೆ ಗುಡಿಸಿದ. ಚಕ್ರದ ಜಾಡು ಗುಡಿಸಿದ. ಹಿಂದೆ ಹಿಂದೆ ಸರಿಯುತ್ತ, ತನ್ನ ಹೆಜ್ಜೆಯನ್ನು ತಾನೇ ಗುಡಿಸುತ್ತ ಹೋದ. ಹಿಂದಿನಿಂದ ಗಾಳಿ ಬಂದು ಅವನ ಕಸಬರಿಗೆಯ ಗೆರೆಯನ್ನೂ ಒರೆಸಿತು.

ಸಾಹೇಬರ ಜೀಪು ಬಂತು. ಜಾಡು ಹಿಡಿದು ಹೋಗೋಣವೆಂದರೆ ಜಾಡೇ ಇಲ್ಲ. ಈ ದಿಬ್ಬ ನೋಡಿದರು, ಆ ದಿಬ್ಬ ನೋಡಿದರು. ದಾರಿ ತೋರಿಸಲು ಬಂದ ಹುಕುಮಸಿಂಗನಿಗೇ ದಾರಿ ತಿಳಿಯದು. ಸುತ್ತಿ ಸುತ್ತಿ ಸಾಕಾದ ಸಾಹೇಬರು ಮರಳನ್ನು ಬೊಗಸೆಯಲ್ಲಿ ಎತ್ತಿ ನೋಡಿ, ಒಂದು ಬೀಡಿ ತುಂಡೂ ಇಲ್ಲವಲ್ಲ, ಇಂಥ ಜನ ಬೇಸಿಗೆ ತನಕ ಇರಲಿ ಬಿಡಿ ಅಂದು ಹೊರಟರು.

ಈ ಸುದ್ದಿ ಹೇಳಬೇಕಲ್ಲ? ಹುಕುಮಸಿಂಗ ಕೂಗಿದ. ದಿಬ್ಬದ ಹಿಂದಿನಿಂದ ಮಾಸ್ತರು ತಾಟು ಬಡಿದರು. ತಾಟಿನ ಸದ್ದು ಹಿಡಿದು ಬಂದು ಸೇರಿದ, ಸುದ್ದಿ ಹೇಳಿದ. ಆಮೇಲೆ ಖುಷಿಗೆ ಎಲ್ಲ ಗಾಡಿಯವರೂ ತಾಟು ಬಡಿದರು. ಹೊನ್ನವ್ವ ನನ್ನ ಮಗ, ನನ್ನ ಮಗ ಅನ್ನುತ್ತ ಸುತ್ತ ನೋಡಿದಳು. ಮಗನಿಲ್ಲ.

ದಿಬ್ಬ ಏರಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ, ಹಿಡಿಯಲಿಲ್ಲ ಅನ್ನೋದು ಅವಳಿಗೇ ನೆನಪಾಗಲಿಲ್ಲ. ದೂರ ಡಾಂಬರು ರಸ್ತೆಯ ಮೇಲೆ ಒಂದು ಬಗ್ಗಿದ ಬೆನ್ನು ಕಂಡಿತು. ಇಳಿದಳು, ನಡೆದಳು, ಕೊನೆಕೊನೆಗೆ ಓಡಿದಳು.

“ಗೂಳ್ಯಾ, ಸಾಹೇಬರು ಒಪ್ಪಿದರೋ, ಗೆದ್ದೀವಿ! ಇಲ್ಲೇನು ಮಾಡಾಕತ್ತೀ?”

ಗೂಳಪ್ಪ ತಲೆ ಎತ್ತಲಿಲ್ಲ. ಲಾರಿಗಳು ಹಾರನ್ ಹೊಡೆಯುತ್ತ ಅವನನ್ನು ಬಳಸಿಕೊಂಡು ಹೋಗುತ್ತಿದ್ದವು.

“ನಾವು ಬಂದದ್ದು ಈ ದಾರೀಲೆ ಅಲ್ಲೇನವ್ವಾ? ಗದಗಿನ ತನಕ ಗುಡಿಸಿ ಬರ್ತೀನಿ. ನೀ ಊಟಾ ಮಾಡು.”