ಎಲೆಯೊಳಗೆ ಮಡಚಿದ್ದು

ಪ್ರವಚನವಿದ್ದ ದಿನ ಆಶ್ರಮದ ಗುರು ಅಜ್ಜಾರು ಬೆಳಗಿನಿಂದ ಒಂದು ತುತ್ತೂ ತಿನ್ನುವುದಿಲ್ಲ, ಅದು ಅವರ ವ್ರತ, ಅವರಿಗೆ ಅಂಜಿಕೆ ಎಂಬುದೇ ಇಲ್ಲದಿರುವುದು ಆ ವ್ರತದ ಬಲದಿಂದ ಎಂದು ಆಗ ಎಲ್ಲರೂ ನಂಬಿದ್ದರು.

ನಂಬಿ ಸುಮ್ಮನಿರಲಿಲ್ಲ. ಕೆಲವರು ತಾವೂ ಸೋಮವಾರ ಉಪವಾಸ ಹಿಡಿದರು. ನಿವೃತ್ತ ಮೇಷ್ಟ್ರೊಬ್ಬರು ಅದರ ಮಹಿಮೆಯ ಮೇಲೆ ಪುಸ್ತಿಕೆ ಅಚ್ಚು ಹಾಕಿಸಿದರು. ಅಜ್ಜಾರನ್ನೇ ಒಂದು ಮಾತು ಕೇಳಿದರಾಯಿತು ಎಂದು ಯಾರಿಗೂ ತೋಚಲಿಲ್ಲ.

ನದಿ ದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಜನರ ಮುಂದೆ ಒಮ್ಮೆಯಾದರೂ ಪ್ರವಚನ ಮಾಡಿದ ಶಿಷ್ಯನಿಗೆ ಮಾತ್ರ ದೀಕ್ಷೆ. ಬಾಯಿ ಬಿಡಲಾರದವನು ಗಂಟು ಕಟ್ಟಿಕೊಂಡು ಊರಿಗೆ ಹೊರಡಬೇಕು.

ಶಂಭುಲಿಂಗ ಬಾಯಿ ಬಿಡಲಾರದವನು.

ಅವನ ಮೇಲ್ಸಾಲಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಹೊರಗೆ ಚಾಚಿದ್ದವು. ಅವನಿಗೆ ಶಂಭುಲಿಂಗ ಎಂಬ ಹೆಸರಿದೆ ಎಂಬುದು ಊರಲ್ಲಿ ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಹಲ್ಲುಬ್ಬ. ಮಾತಾಡಲು ಹೊರಟರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು.

ಅವನಿಗೊಂದು ಕನಸು ಬೀಳುತ್ತಿತ್ತು. ಮುಂದೆ ಜನ ಕೂತಿದ್ದಾರೆ. ಅವನು ಬಾಯಿ ತೆರೆಯುತ್ತಾನೆ. ಹಲ್ಲುಗಳು ಒಂದೊಂದಾಗಿ ಮೈಕಿನ ಮೇಲೆ ಉದುರುತ್ತವೆ, ಟಪ್ ಟಪ್ ಎಂದು. ಯಾರೂ ನಗುವುದಿಲ್ಲ. ಸುಮ್ಮನೆ ನೋಡುತ್ತಾರೆ.

"ಹಲ್ಲು ನೆಟ್ಟಗಾಗಲಿ ಅಜ್ಜಾರ, ಆಮ್ಯಾಲೆ ಮಾತಾಡ್ತೀನಿ" ಎಂದ.

ಆತ್ಮಕ್ಕೆ ಹಲ್ಲಿಲ್ಲ ಎಂದೇನೂ ಅಜ್ಜಾರು ಹೇಳಲಿಲ್ಲ. ಆಶ್ರಮಕ್ಕೆ ನಡೆದುಕೊಳ್ಳುತ್ತಿದ್ದ ಹಲ್ಲಿನ ಡಾಕ್ಟರು ಇಂದುಮತಿಗೆ ಫೋನ್ ಮಾಡಿಸಿದರು.

ಇಂದುಮತಿ ಅವನ ಹಲ್ಲಿನ ಅಳತೆ ತೆಗೆದುಕೊಂಡು ಪಾರದರ್ಶಕ ಅಚ್ಚೊಂದನ್ನು ಮಾಡಿಸಿ ತರಿಸಿದರು. ಉಗುರಿನಷ್ಟು ತೆಳ್ಳಗೆ, ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಕೂರುವಂಥದ್ದು.

"ಇದಕ್ಕ ಅಲೈನರ್ ಅಂತಾರ. ಉಣ್ಣೂವಾಗ ತಗೀರಿ, ಬಾಯಿ ತೊಳಕೊಂಡು ಮತ್ತ ಹಾಕ್ಕೊಳ್ರಿ. ಇದರ ಕೆಲಸ ಮುಗಿದ ಮ್ಯಾಲೆ ಮುಂದಿಂದು ಕೊಡ್ತೀನಿ."

"ನೋಯ್ತದೇನ್ರೀ?"

"ಬಿಗೀತದ. ಬಿಗಿದ್ರ ಹಲ್ಲು ಸರೀಲಿಕ್ಹತ್ಯಾವ ಅಂತ ತಿಳ್ಕೊಳ್ರಿ."

"ಮಂದಿಗೆ ಕಾಣ್ತದೇನ್ರೀ?"

"ಕಾಣಂಗಿಲ್ಲ."

ಅವನಿಗೆ ಬೇಕಿದ್ದುದು ಅಷ್ಟೇ.

ಅಡುಗೆಮನೆಯ ಸಾವಂತ್ರೆವ್ವನಿಗೆ ಮಾತ್ರ ಕಂಡಿತು. ನೀರಿನ ಲೋಟದಲ್ಲಿ ಅವನು ನೆನೆಯಿಟ್ಟಿದ್ದನ್ನು ಎತ್ತಿ ಹಿಡಿದು ಚೀರಿದಳು: "ಯವ್ವಾ, ಯಾರ್ದಿದು ಗಾಜಿನ ಹಲ್ಲು? ಸಾರಿನಾಗ ಬಿದ್ದಿದ್ರ ನನ್ನ ಹೆಸರು ಕೆಡ್ತಿತ್ತಲ್ಲೋ!"

ಒಂದಾದ ಮೇಲೊಂದು ಅಚ್ಚು ಬಂದವು. ಹೊಸದು ಹಾಕಿಕೊಂಡಾಗ ದವಡೆಯೆಲ್ಲ ಜುಮ್ಮೆನ್ನುತ್ತಿತ್ತು, ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಶಂಭುಲಿಂಗ ಕಣ್ಣೀರು ಒರೆಸಿಕೊಂಡು ಸಹಿಸಿದ. ಹಲ್ಲಿನ ಜೊತೆಗೆ ಅಂಜಿಕೆಯೂ ಸರಿಯುತ್ತಿದೆ ಎಂದು ಲೆಕ್ಕ ಹಾಕಿದ್ದ.

ಕೊನೆಗೊಂದು ದಿನ ಇಂದುಮತಿ ಕನ್ನಡಿ ಕೊಟ್ಟರು. ಅದರೊಳಗೆ ಯಾರೋ ಬೇರೆಯವರ ಹಲ್ಲು ಸಾಲಾಗಿ ನಿಂತಿದ್ದವು.

"ಮುಗೀತು. ಈಗ ಕೊಡೂದು ಇದ್ದ ಜಾಗದಾಗ ಹಿಡಿದಿಡ್ಲಿಕ್ಕೆ. ಸದ್ಯಕ್ಕ ಹಗಲೂ ರಾತ್ರಿ ಇರಲಿ. ಬಿಟ್ಟುಬಿಟ್ರ ಹಲ್ಲು ಹಳೇ ಜಾಗಾ ಹುಡುಕ್ಕೊಂಡು ಹೋಗ್ತಾವ."

ಅವನು ನಕ್ಕ. ನಕ್ಕ ಕೂಡಲೇ ಕೈ ಬಾಯಿಗೆ ಹೋಯಿತು.

"ಕೈಗೆ ಅಲೈನರ್ ಇಲ್ಲ ನೋಡ್ರಿ" ಎಂದರು ಇಂದುಮತಿ.

ಅಜ್ಜಾರು ಶ್ರಾವಣದ ಕಡೇ ಸೋಮವಾರ ಗೊತ್ತುಮಾಡಿದರು. "ಸಂಜೀಕ ಮೊದಲ ನೀ ಮಾತಾಡು, ಆಮ್ಯಾಲೆ ನಾ. ಇದು ತಪ್ಪಿತು ಅಂದ್ರ ಮಂಗಳವಾರ ಮುಂಜಾನೆ ಬಸ್ ಅದ."

ಶಂಭುಲಿಂಗ ನಾಲಿಗೆಯಿಂದ ಕೆಳಗಿನ ಹಲ್ಲು ತಡವಿದ. "ಕೆಳಗಿಂದು ಒಂದು ಇನ್ನೂ ಸೊಟ್ಟ ಅದರಿ."

"ತೋರ್ಸು."

ತೋರಿಸಿದ. ಅಜ್ಜಾರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅದನ್ನ ಬಿಟ್ಟು ಉಳಿದ ಹಲ್ಲಿಂದ ಮಾತಾಡು."

ಸೋಮವಾರ ಮಧ್ಯಾಹ್ನಕ್ಕೇ ಟ್ರ್ಯಾಕ್ಟರುಗಳು ಬರತೊಡಗಿದವು. ಪ್ರಸಾದದ ಪಂಕ್ತಿಯಲ್ಲಿ ಕೂತ ಶಂಭುಲಿಂಗ ಅಚ್ಚು ತೆಗೆದು ಬಾಳೆ ಎಲೆಯ ತುದಿಯಲ್ಲಿಟ್ಟ. ಎದುರಿಗೆ ಒಬ್ಬಾತ ಕಂಬ ಹತ್ತಿ ಸ್ಪೀಕರು ಕಟ್ಟುತ್ತಿದ್ದ. ಹೆಂಗಸರು ಮುಂದಿನ ಜಾಗಕ್ಕೆ ಚಾಪೆ ಹಾಸಿ ಜಗಳಾಡುತ್ತಿದ್ದರು. ಒಂದೊಂದು ಚಾಪೆ ಬಿಚ್ಚಿಕೊಂಡಾಗಲೂ ಅದರ ಮೇಲೆ ಎಷ್ಟು ಜನ ಕೂತಾರು ಎಂದು ಅವನು ಎಣಿಸುತ್ತಿದ್ದ.

ಅನ್ನ ಗಂಟಲಿಗಿಳಿಯಲಿಲ್ಲ. ಅಂಗಾಲು ತಣ್ಣಗಾಗಿತ್ತು. ಪಕ್ಕದವರು ಎದ್ದರು. ಅವನೂ ಎಲೆ ಮಡಚಿ ಎದ್ದ.

ಹೊತ್ತು ಇಳಿಯುವಾಗ ಅಜ್ಜಾರು ಅವನನ್ನು ಹುಡುಕಿಕೊಂಡು ಅಡುಗೆಮನೆಯ ಹಿತ್ತಿಲಿಗೆ ಬಂದರು. ಶಂಭುಲಿಂಗ ಎಂಜಲೆಲೆಯ ಗುಂಡಿಯಲ್ಲಿ ಮೊಣಕಾಲ ತನಕ ಇಳಿದು ಎಲೆ ತಿರುವಿ ಹಾಕುತ್ತಿದ್ದ. ಮೇಲೆ ನಿಂತ ನಾಯಿ ತನ್ನ ಪಾಲಿಗೆ ಬಂದವನನ್ನು ನೋಡಿ ಗುರುಗುಟ್ಟುತ್ತಿತ್ತು.

"ಏನ್ಲೇ?"

"ಅಚ್ಚು ಹೋತ್ರಿ ಅಜ್ಜಾರ. ಎಲಿಯಾಗ ಇಟ್ಟಿದ್ದೆ. ಅದಿಲ್ಲಂದ್ರ ಹಲ್ಲು ವಾಪಸ್ ಹೋಗ್ತಾವ. ಇವತ್ತ ನನ್ನ ಕೈಲೆ ಆಗಂಗಿಲ್ರಿ."

ಅಜ್ಜಾರು ಧೋತರ ಎತ್ತಿ ಕಟ್ಟಿ ಗುಂಡಿಗಿಳಿದರು. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾವೂ ಎಲೆ ಬಿಚ್ಚತೊಡಗಿದರು.

ಸಾವಂತ್ರೆವ್ವ ಬಾಗಿಲಿಗೆ ಬಂದವಳು ಎದೆ ಬಡಿದುಕೊಂಡಳು. "ಅಜ್ಜಾರ, ಎಂಜಲದಾಗ ಕೈ ಹಾಕೀರಲ್ರೀ! ಮಂದಿ ನೋಡಿದ್ರ ಏನಂದಾರು?"

"ನೀನೂ ಬಂದ್ರ ಲಗೂನ ಸಿಗ್ತದ."

ಅವಳು ಒಳಗೆ ಹೋದಳು.

ಸ್ವಲ್ಪ ಹೊತ್ತು ಇಬ್ಬರೂ ಎಲೆ ತಿರುವಿದರು. ಆಚೆ ಕಡೆ ಜನರ ಗದ್ದಲ ಏರುತ್ತಿತ್ತು.

"ಹಲ್ಲು ಸಂಜೀ ಒಳಗ ವಾಪಸ್ ಹೋಗ್ತಾವೇನು?" ಅಜ್ಜಾರು ಕೇಳಿದರು.

"...ಇಲ್ರಿ."

"ಮತ್ತ?"

ಶಂಭುಲಿಂಗ ಇನ್ನೊಂದು ಎಲೆಗೆ ಕೈ ಹಾಕಿದ.

"ಮರ್ತ್ಯೋ, ಮಡಚಿದ್ಯೋ?"

ಅವನ ಕೈ ನಿಂತಿತು. ಊರಿನ ಬಸ್ಸು, ಬಸ್ಸಿಳಿಯುವ ಕಟ್ಟೆ, ಕಟ್ಟೆಯ ಮೇಲೆ ಕೂತು 'ಬಂದ್ಯಾ ಹಲ್ಲುಬ್ಬಾ' ಎನ್ನುವವರು, ಎಲ್ಲ ಕಣ್ಣೆದುರು ಬಂತು. ಅದಕ್ಕಿಂತ ಹೆಚ್ಚಾಗಿ ಚಾಪೆಗಳು ಬಂದವು.

"ಮಡಚಿದೆ" ಎಂದ. "ಎಲಿ ತುದಿಗೆ ಹೊಳೀತಿತ್ರಿ. ಕಂಡೂ ಮಡಚಿದೆ. ಕಳೀತು ಅಂದ್ರ ನೀವು ಇನ್ನಷ್ಟು ದಿನಾ ಕೊಡ್ತೀರಿ ಅಂತ."

"ಹುಡುಕಲಿಕ್ಕೆ ಯಾಕ ಬಂದಿ?"

"ಕಳ್ಕೊಳ್ಳಿಕ್ಕೂ ಅಂಜಿಕಿ ಆತ್ರಿ."

ಅಜ್ಜಾರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇನ್ನೊಂದು ಎಲೆ ಬಿಚ್ಚಿದರು. ಅದರಲ್ಲಿ ಹುಳಿ ಮೆತ್ತಿದ ಅಚ್ಚು ಇತ್ತು. ಶಾಲಿನ ಅಂಚಿನಿಂದ ಒರೆಸಿ ಅವನ ಅಂಗೈಯಲ್ಲಿಟ್ಟರು. ಅವರ ಬೆರಳುಗಳು ಮಂಜುಗಡ್ಡೆಯಂತಿದ್ದವು. ವಯಸ್ಸಿನ ದೆಸೆಯಿಂದ ಎಂದುಕೊಂಡ.

"ತೊಳಕೊಂಡು ಬಾ."

ನಲ್ಲಿಯಲ್ಲಿ ಕೈ ತೊಳೆದ, ಅಚ್ಚು ತೊಳೆದು ಹಾಕಿಕೊಂಡ. ತಲೆ ಎತ್ತಿದಾಗ ಅಜ್ಜಾರು ತಾವೂ ಕೈ ತೊಳೆದು ಮಂಟಪದ ಕಡೆ ಹೊರಟಿದ್ದರು. ಬೈಸಿಕೊಂಡಿದ್ದರೆ ಅವನು ಅಲ್ಲೇ ನಿಲ್ಲುತ್ತಿದ್ದ. ಬೈಯದೆ ಹೋದವರ ಹಿಂದೆ ಹೋಗದೆ ಉಪಾಯವಿರಲಿಲ್ಲ.

ಮಂಟಪದ ಹಿಂಬದಿಯ ಮೆಟ್ಟಿಲ ಹತ್ತಿರ ಬಂದಾಗ ಪರದೆಯ ಸಂದಿನಿಂದ ಜನ ಕಂಡರು. ಸಾಲು ಸಾಲು ತಲೆಗಳು, ನದಿಯ ತನಕ. ಸ್ಪೀಕರಿನಲ್ಲಿ ಯಾರೋ 'ಹಲೋ, ಹಲೋ' ಎನ್ನುತ್ತಿದ್ದರು. ಕಿವಿಯಲ್ಲಿ ಗುಂಯ್ ಎಂದಿತು.

"ಅಜ್ಜಾರ, ಹಲ್ಲು ನೆಟ್ಟಗಾದ್ವು. ಅಂಜಿಕಿ ಇದ್ದಲ್ಲೇ ಅದ."

"ಹೂಂ."

"ನಿಮಗ ಅದು ತಿಳಿಯಂಗಿಲ್ರಿ. ನೀವು ಯಾರಿಗೂ ಅಂಜಿದವ್ರಲ್ಲ."

ಅಜ್ಜಾರು ಬಾಯಿ ಒರೆಸಿಕೊಂಡರು.

"ನನಗೂ ನಿಮ್ಮ ವ್ರತಾ ಕೊಡ್ರಿ. ಒಂದು ವರ್ಷ ಹಿಡೀತೀನಿ. ಅಂಜಿಕಿ ಹೋದ ಮ್ಯಾಲೆ ಈ ಮೆಟ್ಟಲಾ ಹತ್ತತೀನಿ."

"ಯಾವ ವ್ರತಾ?"

"ಪ್ರವಚನದ ದಿನಾ ನೀವು ಏನೂ ತಿನ್ನಂಗಿಲ್ಲಲ್ರೀ, ಅದು."

ಅಜ್ಜಾರು ಆಸರೆಗೆ ಅವನ ಹೆಗಲ ಮೇಲೆ ಕೈಯಿಟ್ಟು ಮೊದಲ ಮೆಟ್ಟಿಲು ಏರಿದರು. ಅವರನ್ನು ಹೊತ್ತ ಹೆಗಲು ಜೊತೆಗೇ ಏರಬೇಕಾಯಿತು. ಮೈಕಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅವರು ಹೇಳಿದರು:

"ತಿಂದ್ರ ಅಂಜಿಕಿಗೆ ವಾಂತಿ ಆಗ್ತದೋ ನನಗ."