ಪಿಕಳಾರದ ಆಲ್ಬಂ

ಮರಿಯನ್ನು ಹಾವಿಗೆ ಕಳೆದುಕೊಂಡ ಪಿಕಳಾರ ಹಕ್ಕಿ ಆ ದುಃಖವನ್ನೇ ಮೆಲುದನಿಯಲ್ಲಿ ಹಾಡಿತು. ಮರಕುಟಿಗ ತಾಳ ಹಾಕಿತು, ಜೀರುಂಡೆ ಗಿಟಾರಿನಂತೆ ಮಿಡಿಯಿತು. ಪೊಟರೆಯ ಸ್ಟುಡಿಯೊದಲ್ಲಿ ಈ ತಂಡ ಮಾಡಿದ ಆಲ್ಬಂ ಕಾಡಿನಲ್ಲೆಲ್ಲ ಭರ್ಜರಿಯಾಗಿ ಮಾರಾಟವಾಯಿತು.

ಮರುವರ್ಷ ಪಿಕಳಾರಕ್ಕೆ ಇನ್ನೊಂದು ಮರಿಯಾಯಿತು. ತಾಯಿ ಸಂತಸದ ಹಾಡೊಂದನ್ನು ಕಟ್ಟಿಕೊಂಡು, ನೆರೆದ ಸಭೆಯ ಮುಂದೆ ಹಾಡಲು ಬಂದಾಗ ಮರಕುಟಿಗ ತಡೆಯಿತು.

"ಅದು ಯಾರಿಗೂ ಬೇಡ. ಎಲ್ಲರೂ ಬಂದಿರುವುದು ಅಳುವುದಕ್ಕೆ. ಹಳೆಯದನ್ನೇ ಹಾಡು."

ಪಿಕಳಾರ ಹಾಡತೊಡಗಿತು. ಗೂಡಿನಿಂದ ಮರಿ ಗಾಬರಿಯಾಗಿ ಕೂಗಿತು: "ಅಮ್ಮಾ, ನಾನು ಇಲ್ಲೇ ಇದ್ದೇನಲ್ಲ, ಯಾಕೆ ಅಳುತ್ತೀಯ?"

ಹಾಡು ಅರ್ಧಕ್ಕೆ ನಿಂತಿತು.

"ಮುಂದುವರಿಸು, ಸಭೆ ಕಾಯುತ್ತಿದೆ," ಎಂದಿತು ಮರಕುಟಿಗ.

"ನನ್ನ ಅಳು ಮುಗಿದಿದೆ," ಎಂದು ಪಿಕಳಾರ ಗೂಡಿಗೆ ಹಾರಿತು. ಸಭೆ ಗೊಣಗುತ್ತ ಚದುರಿತು. ತಾಯಿ ಅತ್ತ ನೋಡಲೂ ಇಲ್ಲ, ಮರಿಗೆ ಹಸಿವಾಗಿತ್ತು.